ಗೋಲಗುಮ್ಮಟ ಕೊರಿಯಾಕ್ಕೆ ಹೋದದ್ದು

ಸ್ವತಂತ್ರ ಭಾರತ 1949ರಲ್ಲಿ ನಿತ್ಯಬಳಕೆಗೆಂದು ಹೊರಡಿಸಿದ ಅಂಚೆಚೀಟಿಗಳ ಮಾಲೆಯಲ್ಲಿ ಆರಾಣೆಯ ಚೀಟಿ ಬಿಜಾಪುರದ ಗೋಲಗುಮ್ಮಟದ ಪಾಲಿಗೆ ಬಂತು. ಅಜಂತಾದ ಆನೆ, ಕೋನಾರ್ಕದ ಕುದುರೆ, ನಟರಾಜ, ಸಾಂಚಿಯ ಸ್ತೂಪ, ಚಿತ್ತೋರದ ವಿಜಯಸ್ತಂಭ, ಇವುಗಳ ಸಾಲಿನಲ್ಲಿ ನಮ್ಮ ಗುಮ್ಮಟಕ್ಕೂ ಜಾಗ ಸಿಕ್ಕಿತ್ತು. 1953ರಲ್ಲಿ ಈ ಮಾಲೆಯ ಹನ್ನೆರಡು ಚೀಟಿಗಳ ಮೇಲೆ, ಮೂರು ಪೈಯಿಂದ ಒಂದು ರೂಪಾಯಿಯವರೆಗೆ, ನಾಗರಿ ಲಿಪಿಯಲ್ಲಿ ‘ಭಾರತೀಯ ಸಂರಕ್ಷಾ ಕಟಕ ಕೊರಿಯಾ’ ಎಂದು ಮತ್ತೊಮ್ಮೆ ಅಚ್ಚು ಹಾಕಿದರು. ಹೀಗೆ ಗೋಲಗುಮ್ಮಟ ಕೊರಿಯಾದ ಕದನವಿರಾಮ ರೇಖೆಯ ಹತ್ತಿರ ಬಿಡಾರ ಹೂಡಿದ್ದ ಭಾರತೀಯ ಸೈನಿಕರ ಅಂಚೆ ಕಚೇರಿಗೆ ಹೋಯಿತು.

ಆ ಚೀಟಿಯಲ್ಲಿ ಪಾರಿವಾಳ ಇಲ್ಲ, ಆಲಿವ್ ಟೊಂಗೆ ಇಲ್ಲ, ಭೂಗೋಳದ ಮೇಲೆ ಕೈ ಹಿಡಿದು ನಿಂತ ಮಕ್ಕಳಿಲ್ಲ. ಶಾಂತಿ ಮತ್ತು ಸಹಕಾರದ ಅಂಚೆಚೀಟಿಗಳೆಂದು ಆಲ್ಬಮ್ಮಿನಲ್ಲಿ ಪ್ರತ್ಯೇಕ ಪುಟ ಮಾಡುವವರು ಇದನ್ನು ಆ ಪುಟಕ್ಕೆ ಸೇರಿಸುವುದೂ ಅಪರೂಪ. ಆದರೆ ಭಾರತ ಹೊರಡಿಸಿದ ಶಾಂತಿಯ ಚೀಟಿಗಳಲ್ಲಿ ಮೊದಲ ಮಣೆ ಯಾವುದಕ್ಕೆ ಎಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ಇದನ್ನೇ.

1950ರ ಜೂನ್‌ನಲ್ಲಿ ಶುರುವಾದ ಕೊರಿಯಾ ಯುದ್ಧ ಒಂದು ವರ್ಷ ಕಳೆಯುವುದರೊಳಗೆ ಎರಡೂ ಕಡೆಯವರಿಗೆ ಸಾಕಾಗಿತ್ತು. ಮಾತುಕತೆಗೆ ಕೂತರು. ಆದರೆ ಒಂದು ಪ್ರಶ್ನೆಯ ಮುಂದೆ ಮಾತು ಒಂದು ವರ್ಷಕ್ಕೂ ಮಿಕ್ಕಿ ಹೂತುಹೋಯಿತು. ಯುದ್ಧಕೈದಿಗಳಲ್ಲಿ ಸಾವಿರಾರು ಮಂದಿ ತಮ್ಮ ದೇಶಕ್ಕೆ ಮರಳಲು ಒಲ್ಲೆ ಎನ್ನುತ್ತಿದ್ದರು. ಅವರನ್ನು ಬಲವಂತವಾಗಿ ಕಳಿಸಬೇಕೇ, ಬಿಟ್ಟುಬಿಡಬೇಕೇ? ಕೊನೆಗೆ, ಯಾವ ಕಡೆಗೂ ಸೇರದವರು ಅವರನ್ನು ಕೆಲಕಾಲ ಕಾದು, ಅವರವರ ಮನಸ್ಸೇನು ಎಂದು ಕೇಳಿ ತಿಳಿಯಲಿ ಎಂಬ ಒಪ್ಪಂದವಾಯಿತು. 1953ರ ಜುಲೈ 27ರಂದು ಬಂದೂಕು ನಿಂತವು. ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಇದ್ದವು, ಅಧ್ಯಕ್ಷತೆ ಭಾರತದ್ದು. ಆ ಕುರ್ಚಿಯಲ್ಲಿ ಕೂತವರು ಮಡಿಕೇರಿಯಲ್ಲಿ ಹುಟ್ಟಿದ ಕೊಡೆಂದೇರ ಸುಬ್ಬಯ್ಯ ತಿಮ್ಮಯ್ಯ, ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ.

ಕೈದಿಗಳನ್ನು ಕಾಯಲು ಹೋದದ್ದು ಸುಮಾರು 6,000 ಭಾರತೀಯ ಸೈನಿಕರು, ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ನಾಯಕತ್ವದಲ್ಲಿ. ಅವರ ವಶಕ್ಕೆ ಬಂದವರು 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು; ಇನ್ನೊಂದು ಕಡೆಯಿಂದ 359 ಮಂದಿ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಈ ಏರ್ಪಾಡೇ ಸರಿಬರಲಿಲ್ಲ. ಭಾರತ ಕಮ್ಯುನಿಸ್ಟರ ಕಡೆಗೆ ವಾಲಿದೆ ಎಂಬುದು ಅವರ ಗುಮಾನಿ. ಭಾರತದ ಸೈನಿಕ ನನ್ನ ನೆಲಕ್ಕೆ ಕಾಲಿಡಕೂಡದು ಎಂದು ಹಟ ಹಿಡಿದರು. ಹಡಗಿನಲ್ಲಿ ಇಂಚನ್ ಬಂದರಿಗೆ ಬಂದ ನಮ್ಮವರನ್ನು ಅಮೆರಿಕದವರು ಹಡಗಿನಿಂದಲೇ ಹೆಲಿಕಾಪ್ಟರಿಗೆ ಹತ್ತಿಸಿ, ದಕ್ಷಿಣ ಕೊರಿಯಾದ ಮಣ್ಣು ಅಂಟದ ಹಾಗೆ, ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಎದ್ದ ಡೇರೆಗಳ ಊರಿಗೆ ‘ಹಿಂದ್ ನಗರ್’ ಎಂದು ಹೆಸರಾಯಿತು.

ಇಲ್ಲಿಯೇ ಇನ್ನೊಂದು ಅಂಚೆಚೀಟಿಯ ಮಾತು ಬರುತ್ತದೆ. ಯುದ್ಧ ಇನ್ನೂ ನಡೆಯುತ್ತಿದ್ದ 1951ರಲ್ಲಿ ದಕ್ಷಿಣ ಕೊರಿಯಾ ತನ್ನ ನೆರವಿಗೆ ಬಂದ ದೇಶಗಳ ಬಾವುಟಗಳನ್ನು ಅಂಚೆಚೀಟಿಗಳಲ್ಲಿ ಅಚ್ಚು ಹಾಕಿಸಲು ತೊಡಗಿತು. ಒಂದೊಂದು ಬಾವುಟಕ್ಕೆ ಎರಡೆರಡು ಚೀಟಿ. ಆ ದೊಡ್ಡ ಮಾಲೆಯಲ್ಲಿ ನಮ್ಮ ತ್ರಿವರ್ಣವೂ ಇದೆ. ಭಾರತ ಆ ಯುದ್ಧಕ್ಕೆ ಬಂದೂಕು ಕಳಿಸಲಿಲ್ಲ, ವೈದ್ಯರನ್ನು ಕಳಿಸಿತ್ತು: 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್. (ಇಟಲಿಯ ಬಾವುಟದಲ್ಲಿ ಮಾತ್ರ ಹಳೆಯ ರಾಜಮನೆತನದ ಕಿರೀಟ ಉಳಿದುಹೋಗಿ, ತಿದ್ದಿ ಮತ್ತೆ ಅಚ್ಚು ಹಾಕಬೇಕಾಯಿತು. ಇಟಲಿಯಲ್ಲಿ ರಾಜ ಹೋಗಿ ಐದು ವರ್ಷವಾಗಿತ್ತು.) ಒಂದು ಚೀಟಿಯಲ್ಲಿ ಕೃತಜ್ಞತೆಯ ಬಾವುಟ, ಎರಡೇ ವರ್ಷದಲ್ಲಿ ಅದೇ ಬಾವುಟದ ಸೈನಿಕನಿಗೆ ನೆಲ ತುಳಿಯಲು ಅಪ್ಪಣೆ ಇಲ್ಲ. ಬಾವುಟದ ಚೀಟಿ ನೋಡಿ ಎರಡು ದೇಶಗಳ ಸಂಬಂಧ ಅಳೆಯುವವರು ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಚೀನಾದ ಕಥೆ. 1949ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಶ್ವಶಾಂತಿ ಸಮ್ಮೇಳನದ ಭಿತ್ತಿಪತ್ರಕ್ಕೆ ಪಿಕಾಸೊ ಬರೆದ ಪಾರಿವಾಳ ಕೆಲವೇ ದಿನಗಳಲ್ಲಿ ಜಗತ್ತು ಸುತ್ತಿತು. 1950ರ ಆಗಸ್ಟ್‌ನಲ್ಲಿ ಚೀನಾ ಆ ಪಾರಿವಾಳವನ್ನು ತನ್ನ ಅಂಚೆಚೀಟಿಗೆ ತಂದಿತು, ವಿಶ್ವಶಾಂತಿಯ ರಕ್ಷಣೆಗೆ ಎಂದು. ಅಕ್ಟೋಬರ್‌ನಲ್ಲಿ ಚೀನೀ ಸೈನಿಕರು ಯಾಲು ನದಿ ದಾಟಿ ಕೊರಿಯಾ ಯುದ್ಧಕ್ಕೆ ಇಳಿದರು. ಚೀನಾ ಒಂದನ್ನೇ ಆಡಿಕೊಳ್ಳಬೇಕಾಗಿಲ್ಲ. ಪಾರಿವಾಳದ ಚೀಟಿ ಹೊರಡಿಸಿದ ಸರಕಾರಗಳ ಪಟ್ಟಿ ಮಾಡಿ, ಆ ವರ್ಷ ಅವು ಸೇನೆಗೆ ಎಷ್ಟು ಖರ್ಚು ಮಾಡಿದವು ಎಂದು ಪಕ್ಕದಲ್ಲಿ ಬರೆದರೆ ಯಾರಿಗೂ ಮರ್ಯಾದೆ ಉಳಿಯುವುದು ಕಷ್ಟ.

ಹಾಗಾದರೆ ಅಂಚೆಚೀಟಿಗೂ ಶಾಂತಿಗೂ ಸಂಬಂಧವೇ ಇಲ್ಲವೇ? ಇದೆ, ಚಿತ್ರಕ್ಕಿಂತ ಆಳದಲ್ಲಿ ಇದೆ. ಧಾರವಾಡದಲ್ಲಿ ಅಂಟಿಸಿದ ಭಾರತದ ಚೀಟಿಗೆ ಬ್ರೆಜಿಲ್‌ನ ಅಂಚೆಯವನು ಬೆಲೆ ಕೊಡುತ್ತಾನಲ್ಲ, ಮನೆ ಬಾಗಿಲಲ್ಲಿ ಮತ್ತೆ ಹಣ ಕೇಳದೆ ಕಾಗದ ಕೊಟ್ಟು ಹೋಗುತ್ತಾನಲ್ಲ, ಅದು ತಾನಾಗಿ ಆದದ್ದಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಹೊರದೇಶಕ್ಕೆ ಕಾಗದ ಹಾಕುವುದೆಂದರೆ ಒಂದು ಲೆಕ್ಕದ ಪರೀಕ್ಷೆ. ದೇಶ ದೇಶಗಳ ನಡುವೆ ಬೇರೆ ಬೇರೆ ಒಪ್ಪಂದ, ಒಂದೊಂದು ಕಡೆ ಒಂದೊಂದು ತೂಕದ ಅಳತೆ, ದಾರಿಯಲ್ಲಿ ಸಿಗುವ ಪ್ರತಿ ದೇಶಕ್ಕೂ ಅದರದರ ಪಾಲು. ಭಾರತದಿಂದ ಇಂಗ್ಲೆಂಡಿಗೆ ಬರೆದರೂ ಸೌಥಾಂಪ್ಟನ್ ಮೂಲಕ ಹೋದರೆ ಒಂದು ದರ, ಇಟಲಿಯ ಬ್ರಿಂಡಿಸಿ ಮೂಲಕ ಹೋದರೆ ಇನ್ನೊಂದು. ಅಮೆರಿಕದ ಪೋಸ್ಟ್‌ಮಾಸ್ಟರ್ ಜನರಲ್ ಮಾಂಟ್ಗೊಮರಿ ಬ್ಲೇರ್ ಅವರ ಪ್ರಯತ್ನದಿಂದ 1863ರಲ್ಲಿ 15 ದೇಶಗಳು ಪ್ಯಾರಿಸ್‌ನಲ್ಲಿ ಸೇರಿದವು. ಆಗ ಅಮೆರಿಕದೊಳಗೇ ಅಂತರ್ಯುದ್ಧ ನಡೆಯುತ್ತಿತ್ತು! ಪ್ಯಾರಿಸ್‌ನಲ್ಲಿ ಶುರುವಾದ ಕೆಲಸವನ್ನು ಪೂರ್ತಿಗೆ ತಂದವರು ಜರ್ಮನಿಯ ಹೈನ್ರಿಕ್ ಫಾನ್ ಸ್ಟೆಫಾನ್. ಫ್ರಾನ್ಸ್‌–ಪ್ರಷ್ಯ ಯುದ್ಧದಿಂದಾಗಿ ಅವರ ಯೋಜನೆಯೂ ಕೆಲವು ವರ್ಷ ನಿಂತಿತು. ಕೊನೆಗೆ 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಒಪ್ಪಂದವಾಯಿತು. ಸಂಸ್ಥಾಪಕ ದೇಶಗಳು 22. ಯುದ್ಧದಲ್ಲಿ ಸೋತು ಮುನಿದಿದ್ದ ಫ್ರಾನ್ಸ್ ಒಪ್ಪಂದದ ಒಳಗೆ ಬಂದದ್ದು 1876ರ ಜನವರಿಯಲ್ಲಿ. ಅದೇ ವರ್ಷ ಜುಲೈ 1ಕ್ಕೆ ಭಾರತ ಸೇರಿತು. ಆ ಸಂಸ್ಥೆಯೇ ಇವತ್ತಿನ ವಿಶ್ವ ಅಂಚೆ ಒಕ್ಕೂಟ. 1876ರಲ್ಲಿಯೇ ಫ್ರಾನ್ಸ್ ಹೊರಡಿಸಿದ ಹೊಸ ಚೀಟಿಯಲ್ಲಿ ಶಾಂತಿ ಮತ್ತು ವಾಣಿಜ್ಯ ಎಂಬ ಎರಡು ಮೂರ್ತಿಗಳು ಭೂಗೋಳದ ಮೇಲೆ ಕೈ ಹಿಡಿದು ನಿಂತಿವೆ. ಜ್ಯೂಲ್ ಓಗ್ಯುಸ್ತ್ ಸಾಜ್ ಬಿಡಿಸಿದ ಚಿತ್ರ ಅದು. ಮುಂದೆ ಬಂದ ಎಷ್ಟೋ ಕೈಹಿಡಿದ ಚೀಟಿಗಳಿಗೆ ಅದೇ ಮೂಲಜ್ಜಿ.

ಬರ್ನ್ ಒಪ್ಪಂದದ ಜಾಣತನ ಇದ್ದದ್ದು ಲೆಕ್ಕ ಬಿಟ್ಟುಬಿಟ್ಟದ್ದರಲ್ಲಿ. ಸದಸ್ಯ ದೇಶಗಳೆಲ್ಲ ಸೇರಿ ಒಂದೇ ಅಂಚೆ ಪ್ರದೇಶ. ಚೀಟಿ ಮಾರಿದ ದೇಶವೇ ಅದರ ಹಣ ಇಟ್ಟುಕೊಳ್ಳಲಿ. ನಮ್ಮವರು ನಿಮಗೆ ಬರೆದರೆ ನಿಮ್ಮವರೂ ನಮಗೆ ಮಾರುತ್ತರ ಬರೆಯುತ್ತಾರೆ, ಸರಿಸುಮಾರು ಸರಿಹೋಗುತ್ತದೆ. ಮದುವೆ ಮನೆಯ ಮುಯ್ಯಿಯ ಲೆಕ್ಕಾಚಾರವೇ ಇದು. ಆ ನಂಬಿಕೆ ಸುಮಾರು ಒಂದು ಶತಮಾನ ನಡೆಯಿತು. ಬರುವ ಅಂಚೆಯೇ ಹೆಚ್ಚಾದ ದೇಶಗಳು ಗೊಣಗತೊಡಗಿದ ಮೇಲೆ 1969ರ ಟೋಕಿಯೊ ಮಹಾಧಿವೇಶನದಲ್ಲಿ ಹೆಚ್ಚುವರಿ ಅಂಚೆ ಹಂಚುವ ದೇಶಕ್ಕೆ ಹಣ ಕೊಡುವ ಪದ್ಧತಿ ಬಂತು. ಪ್ರತಿವರ್ಷ ಅಕ್ಟೋಬರ್ 9ನ್ನು ವಿಶ್ವ ಅಂಚೆ ದಿನವೆಂದು ಆಚರಿಸುವ ನಿರ್ಧಾರವಾದದ್ದೂ ಅಲ್ಲೇ, ಭಾರತದ ನಿಯೋಗದ ಆನಂದ್ ಮೋಹನ್ ನರೂಲಾ ಮುಂದಿಟ್ಟ ಸಲಹೆಯ ಮೇಲೆ. ಲೆಕ್ಕವೂ ಹಬ್ಬವೂ ಒಂದೇ ಸಭೆಯಲ್ಲಿ. ಆ ಲೆಕ್ಕ ಮುಂದೆ ಎಷ್ಟು ಕಗ್ಗಂಟಾಯಿತೆಂದರೆ, ಚೀನಾದಿಂದ ಬರುವ ಸಣ್ಣ ಪೊಟ್ಟಣಗಳನ್ನು ಅಗ್ಗದಲ್ಲಿ ಹಂಚಿ ನಷ್ಟವಾಗುತ್ತಿದೆ ಎಂದು 2018ರಲ್ಲಿ ಅಮೆರಿಕ ಒಕ್ಕೂಟ ಬಿಡುವುದಾಗಿ ನೋಟಿಸು ಕೊಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ತುರ್ತು ಅಧಿವೇಶನ ಸೇರಿ, ದರ ತಾವೇ ನಿಗದಿ ಮಾಡಿಕೊಳ್ಳುವ ದಾರಿ ತೆರೆದ ಮೇಲೆಯೇ ಅಮೆರಿಕ ಉಳಿದುಕೊಂಡದ್ದು. ಅಂತರರಾಷ್ಟ್ರೀಯ ಸಹಕಾರ ಎಂದರೆ ಬಹುಪಾಲು ಇಂಥದ್ದೇ: ಗ್ರಾಂ ಲೆಕ್ಕ, ಟನ್ ಲೆಕ್ಕ, ಯಾರು ಯಾರಿಗೆ ಎಷ್ಟು ಕೊಡಬೇಕು. ಇದನ್ನು ಅಂಚೆಚೀಟಿಯ ಚಿತ್ರಕ್ಕೆ ತರುವುದು ಯಾವ ಕಲಾವಿದನಿಗೂ ಕಷ್ಟ, ಆದ್ದರಿಂದ ಪಾರಿವಾಳ ಬರುತ್ತದೆ.

ಒಂದು ಕಾಲದಲ್ಲಿ ಈ ಸಹಕಾರ ಬಣ್ಣದಲ್ಲಿಯೇ ಕಾಣುತ್ತಿತ್ತು. 1897ರ ವಾಷಿಂಗ್ಟನ್ ಅಧಿವೇಶನದಲ್ಲಿ ಹೊರದೇಶಕ್ಕೆ ಹೋಗುವ ಮುದ್ರಿತ ಕಾಗದದ ಚೀಟಿ ಹಸಿರು, ಕಾರ್ಡಿನದು ಕೆಂಪು, ಪತ್ರದ್ದು ನೀಲಿ ಎಂದು ಗೊತ್ತುಮಾಡಿದರು. ಭಾಷೆ ಬಾರದ ಗುಮಾಸ್ತನೂ ಬಣ್ಣ ನೋಡಿ ದರ ಸರಿಯಿದೆಯೇ ಎಂದು ಹೇಳಬಹುದಿತ್ತು. ಅಜ್ಜನ ಟ್ರಂಕಿನಲ್ಲಿ 1900ರ ಆಸುಪಾಸಿನ ಭಾರತದ ಚೀಟಿಗಳು ಸಿಕ್ಕರೆ ನೋಡಿ: ಅರ್ಧ ಆಣೆ ಹಸಿರು, ಒಂದಾಣೆ ಕೆಂಪು, ಎರಡೂವರೆ ಆಣೆ ನೀಲಿ. ರಾಣಿ ವಿಕ್ಟೋರಿಯಾಳ ಮುಖದ ಚೀಟಿಯೇ ಆದರೂ ಬಣ್ಣ ಬಂದದ್ದು ಆ ಒಪ್ಪಂದದಿಂದ. 1950ರ ದಶಕದಲ್ಲಿ ಆ ನಿಯಮ ಕೈಬಿಟ್ಟರು.

ಒಕ್ಕೂಟಕ್ಕೆ 75 ತುಂಬಿದ 1949ರಲ್ಲಿ ದೇಶದೇಶಗಳೂ ವಿಶೇಷ ಚೀಟಿ ತಂದವು. ಭಾರತವೂ ನಾಲ್ಕು ತಂದಿತು, ಭೂಗೋಳದ ಜೊತೆಗೆ ಅಶೋಕನ ಸಿಂಹಶಿಖರ ಇರುವವು. ಅದಕ್ಕೆ ಮೂರು ವರ್ಷ ಮೊದಲು, 1946ರ ಜನವರಿಯಲ್ಲಿ, ಎರಡನೇ ಮಹಾಯುದ್ಧ ಮುಗಿದುದಕ್ಕೆ ಇದೇ ನೆಲದಿಂದ ಹೊರಟಿದ್ದ ನಾಲ್ಕು ಚೀಟಿಗಳಲ್ಲಿ ಇದ್ದದ್ದು ಆರನೇ ಜಾರ್ಜ್ ದೊರೆಯ ಮುಖ, ಮತ್ತು ವಿಜಯದ ಘೋಷಣೆ. ಮೂರೇ ವರ್ಷದಲ್ಲಿ ದೊರೆ ಇಳಿದು ಸಿಂಹ ಬಂದಿತ್ತು.

ಭಾರತದ ಶಾಂತಿ ಚೀಟಿಗಳ ಕಥೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವ ವರ್ಷ 1965. 1961ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಾತಾಡಿದ ನೆಹರು, ಜಗತ್ತಿನಲ್ಲಿ ಜಗಳವೇ ಸುದ್ದಿಯಾಗುತ್ತದೆ, ದೇಶಗಳು ದಿನವೂ ಕೂಡಿ ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಅರ್ಥದ ಮಾತಾಡಿ, ಒಂದು ವರ್ಷವನ್ನು ಸಹಕಾರಕ್ಕೆ ಮೀಸಲಿಡೋಣ ಎಂದಿದ್ದರು. ಸಭೆ ಒಪ್ಪಿತು. ವಿಶ್ವಸಂಸ್ಥೆಗೆ ಇಪ್ಪತ್ತು ತುಂಬುವ 1965 ಅಂತರರಾಷ್ಟ್ರೀಯ ಸಹಕಾರ ವರ್ಷವಾಯಿತು. ಲಾರೆಲ್ ಎಲೆಗಳ ಮಾಲೆಯೊಳಗೆ ಹಿಡಿದ ಎರಡು ಕೈಗಳು ಅದರ ಲಾಂಛನ. ಜಗತ್ತಿನ ತುಂಬ ಚೀಟಿಗಳು ಬಂದವು. ಬ್ರಿಟನ್ ತನ್ನ ವಸಾಹತುಗಳಿಗೆಲ್ಲ ಒಂದೇ ನಮೂನೆಯ ಚೀಟಿ ಹೊರಡಿಸಿತು. ಹಿಡಿದ ಕೈಗಳ ಪಕ್ಕದಲ್ಲಿ ರಾಣಿ ಎಲಿಜಬೆತ್‌ಳ ತಲೆ. ಸ್ವಂತವಾಗಿ ಯಾರ ಕೈಯನ್ನೂ ಹಿಡಿಯುವ ಅಧಿಕಾರ ಇಲ್ಲದ ದ್ವೀಪಗಳ ಸಹಕಾರ!

ಭಾರತದ 15 ಪೈಸೆಯ ಚೀಟಿ ಹೊರಟದ್ದು ಜೂನ್ 26ಕ್ಕೆ, ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿದ್ದ ದಿನ. ಆ ವೇಳೆಗೆ ನೆಹರು ತೀರಿಕೊಂಡು ವರ್ಷ ದಾಟಿತ್ತು. ಕಚ್ಛದ ರಣ್‌ನಲ್ಲಿ ಭಾರತ–ಪಾಕಿಸ್ತಾನ ಸೈನಿಕರ ನಡುವೆ ಏಪ್ರಿಲ್‌ನಿಂದಲೇ ಗುಂಡು ಹಾರುತ್ತಿತ್ತು. ಚೀಟಿಯ ಶಾಯಿ ಒಣಗುವುದರೊಳಗೆ, ಆಗಸ್ಟ್‌ನಲ್ಲಿ, ಕಾಶ್ಮೀರಕ್ಕೆ ನುಸುಳುಕೋರರು ಬಂದರು. ಸೆಪ್ಟೆಂಬರ್‌ನಲ್ಲಿ ಪೂರ್ಣ ಯುದ್ಧ. ಸೆಪ್ಟೆಂಬರ್ 23ಕ್ಕೆ ಕದನವಿರಾಮವಾದದ್ದು ಅದೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯದಿಂದ. 1966ರ ಜನವರಿಯಲ್ಲಿ ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿದ ಪ್ರಧಾನಿ ಶಾಸ್ತ್ರಿಯವರು ಅದೇ ರಾತ್ರಿ ಅಲ್ಲಿಯೇ ತೀರಿಕೊಂಡರು. ಆ ಜನವರಿಯಲ್ಲಿ ಭಾರತದ ಅಂಚೆ ಇಲಾಖೆ ಶಾಸ್ತ್ರಿಯವರ ಸ್ಮರಣೆಗೆ ಒಂದು ಚೀಟಿ ತಂದಿತು, ಭಾರತದ ಸೇನಾಪಡೆಗಳ ಗೌರವಕ್ಕೆ ಇನ್ನೊಂದು. ಸಹಕಾರ ವರ್ಷ ಮುಗಿದಿತ್ತು.

ಅದೇ 1965ರಲ್ಲಿ ಸದ್ದಿಲ್ಲದೆ ಇನ್ನೊಂದು ಚೀಟಿ ಬಂದಿತ್ತು. ನೆಹರು ತೀರಿಕೊಂಡಾಗ ತಂದ 15 ಪೈಸೆಯ ಶೋಕದ ಚೀಟಿಯ ಮೇಲೆ ‘ಯುಎನ್‌ಇಎಫ್’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಅಚ್ಚಾಗಿತ್ತು. ಸೂಯೆಜ್ ಯುದ್ಧದ ನಂತರ ಗಾಜಾ ಮತ್ತು ಸಿನಾಯಿಯಲ್ಲಿ ಈಜಿಪ್ಟ್–ಇಸ್ರೇಲ್ ನಡುವೆ ನಿಂತಿದ್ದ ವಿಶ್ವಸಂಸ್ಥೆಯ ತುರ್ತು ಪಡೆಯಲ್ಲಿ 1956ರಿಂದ ಭಾರತದ ಸೈನಿಕರಿದ್ದರು. ಅವರ ಅಂಚೆಗೆ ಈ ಚೀಟಿ. ಗಾಜಾದ ಮರಳಿನಿಂದ ಊರಿಗೆ ಹೊರಟ ಕಾಗದದ ಮೇಲೆ ನೆಹರು ಮುಖ, ಅದರ ಮೇಲೆ ವಿಶ್ವಸಂಸ್ಥೆಯ ಪಡೆಯ ಹೆಸರು. ಸಹಕಾರ ವರ್ಷದ ಕಲ್ಪನೆ ಕೊಟ್ಟವರಿಗೆ ಇದಕ್ಕಿಂತ ಒಪ್ಪುವ ಚೀಟಿ ಇರಲಿಲ್ಲ. ಅದನ್ನು ಮಾಡಿದವರಿಗೆ ಆ ಯೋಚನೆ ಇತ್ತೆಂದು ಅನ್ನಿಸುವುದಿಲ್ಲ, ಕೈಗೆ ಸಿಕ್ಕ ಚೀಟಿಯ ಮೇಲೆ ಅಚ್ಚು ಹಾಕಿದ್ದಾರೆ. 1967ರ ಮೇ ತಿಂಗಳಲ್ಲಿ ಈಜಿಪ್ಟಿನ ನಾಸೆರ್ ಪಡೆಯನ್ನು ಹೊರಡಿ ಎಂದರು. ಗಂಟುಮೂಟೆ ಕಟ್ಟುತ್ತಿರುವಾಗಲೇ ಜೂನ್‌ನಲ್ಲಿ ಯುದ್ಧ ಸಿಡಿದು, ಮಧ್ಯೆ ಸಿಕ್ಕ ಭಾರತೀಯ ಸೈನಿಕರಲ್ಲಿ ಹಲವರು ಅಲ್ಲಿಯೇ ಸತ್ತರು.

ಈ ಬಗೆಯ ಚೀಟಿಗಳು ಇನ್ನೂ ಇವೆ. 1954ರ ಜಿನೀವಾ ಒಪ್ಪಂದದ ಮೇಲೆ ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂಗಳ ಮೇಲ್ವಿಚಾರಣೆಗೆ ಹೋದ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತ ಅಧ್ಯಕ್ಷ, ಕೆನಡಾ ಮತ್ತು ಪೋಲೆಂಡ್ ಜೊತೆಗಾರರು. ಮೂರು ದೇಶಕ್ಕೂ ಬೇರೆ ಬೇರೆ ಹೆಸರು ಅಚ್ಚು ಹಾಕಿದ ಚೀಟಿಗಳು. 1962ರಲ್ಲಿ ಕಾಂಗೊದಲ್ಲಿದ್ದ ಭಾರತೀಯ ಪಡೆಗೂ ಅಂಥವೇ. ಅಂದಚಂದದ ಮಟ್ಟಿಗೆ ಇವು ಯಾವುವೂ ನೋಡುವಂತಿಲ್ಲ. ಚಿತ್ರದ ಮೇಲೆ ಅಕ್ಷರ ಹೇರಿ ಕೂರಿಸಿದ್ದಾರೆ. ಆದರೆ ಇವುಗಳನ್ನು ಬಿಡುಗಡೆ ಸಮಾರಂಭಕ್ಕೆ, ಮಂತ್ರಿಗಳ ಫೋಟೊಕ್ಕೆ ಮಾಡಿದ್ದಲ್ಲ; ಮನೆಗೆ ಕಾಗದ ಬರೆಯಬೇಕಾಗಿದ್ದ ಮನುಷ್ಯನಿಗೆ ಮಾಡಿದ್ದು.

ಕಾಂಗೊ ಎಂದಾಗ ಡಾಗ್ ಹ್ಯಾಮರ್‌ಷೋಲ್ಡ್ ನೆನಪಾಗದೆ ಇರುವುದಿಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಅವರು ಕಾಂಗೊದ ಸಂಧಾನಕ್ಕೆಂದು ಹೊರಟು 1961ರ ಸೆಪ್ಟೆಂಬರ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಮರುವರ್ಷ ಅಮೆರಿಕ ತಂದ ನಾಲ್ಕು ಸೆಂಟಿನ ಸ್ಮರಣೆಯ ಚೀಟಿಯ ಕೆಲವು ಹಾಳೆಗಳಲ್ಲಿ ಹಳದಿ ಬಣ್ಣ ತಲೆಕೆಳಗಾಗಿ ಬಿತ್ತು. ನ್ಯೂಜೆರ್ಸಿಯ ಸಂಗ್ರಹಕಾರರೊಬ್ಬರ ಕೈಗೆ ಅಂಥ ಹಾಳೆ ಸಿಕ್ಕಿ, ಭಾಗ್ಯ ಒಲಿಯಿತು ಎಂದುಕೊಳ್ಳುವಷ್ಟರಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಎಡ್ವರ್ಡ್ ಡೇ, ಅಂಚೆ ಇಲಾಖೆ ಲಾಟರಿ ನಡೆಸುವುದಿಲ್ಲ ಎಂಬ ನಿಲುವು ತಳೆದು, ಅದೇ ತಪ್ಪನ್ನು ಬೇಕೆಂದೇ ಕೋಟಿಗಟ್ಟಲೆ ಚೀಟಿಗಳಲ್ಲಿ ಅಚ್ಚು ಹಾಕಿಸಿದರು. ಅಪರೂಪ ಹೋಗಿ ಮಾಮೂಲಾಯಿತು. ಶಾಂತಿದೂತನ ಚೀಟಿ ಇವತ್ತಿಗೂ ಹೆಚ್ಚು ಹೆಸರಾಗಿರುವುದು ಈ ಜಗಳಕ್ಕೇ.

ವಿಶ್ವಸಂಸ್ಥೆಯೇ ತನ್ನ ಹೆಸರಿನ ಚೀಟಿ ಹೊರಡಿಸುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1951ರ ಅಕ್ಟೋಬರ್ 24ರಿಂದ ನ್ಯೂಯಾರ್ಕ್‌ನಲ್ಲಿ, 1969ರಿಂದ ಜಿನೀವಾದಲ್ಲಿ, 1979ರಿಂದ ವಿಯೆನ್ನಾದಲ್ಲಿ. ಡಾಲರ್, ಫ್ರಾಂಕ್, ಯೂರೊ, ಮೂರು ಹಣದಲ್ಲಿ. ನೆಲವಿಲ್ಲದ ಸಂಸ್ಥೆಯ ಚೀಟಿ ಆದ್ದರಿಂದ ಅದನ್ನು ಅಂಟಿಸಿದ ಕಾಗದವನ್ನು ಆಯಾ ಕಚೇರಿಯ ಅಂಚೆಪೆಟ್ಟಿಗೆಗೇ ಹಾಕಬೇಕು. ರಸ್ತೆ ದಾಟಿ ಎದುರಿನ ಪೆಟ್ಟಿಗೆಗೆ ಹಾಕಿದರೆ ನಡೆಯುವುದಿಲ್ಲ. ಹಾಗಾಗಿ ಅವುಗಳಲ್ಲಿ ಕಾಗದಕ್ಕೆ ಅಂಟುವುದಕ್ಕಿಂತ ಆಲ್ಬಮ್ಮಿಗೆ ಸೇರುವುದೇ ಹೆಚ್ಚು, ಮತ್ತು ಬಳಸದ ಚೀಟಿ ಹೊರಡಿಸಿದವರಿಗೆ ಪೂರ್ತಿ ಲಾಭ. 2009ರ ಅಕ್ಟೋಬರ್ 2ರಂದು, ಅಂತರರಾಷ್ಟ್ರೀಯ ಅಹಿಂಸಾ ದಿನಕ್ಕೆ, ಇಲ್ಲಿಂದ ಗಾಂಧೀಜಿಯ ಒಂದು ಡಾಲರ್ ಚೀಟಿ ಬಂತು. ಅದರ ಚಿತ್ರಕಾರ ಫರ್ಡಿ ಪಚೇಕೊ. ವೃತ್ತಿಯಿಂದ ವೈದ್ಯ, ವರ್ಷಗಟ್ಟಲೆ ಮುಹಮ್ಮದ್ ಅಲಿಯ ಬಾಕ್ಸಿಂಗ್ ಅಂಕಣದ ಮೂಲೆಯಲ್ಲಿ ನಿಂತು ಆತನ ಗಾಯ ನೋಡಿದವರು. ಗುದ್ದಾಟದ ಡಾಕ್ಟರು ಬಿಡಿಸಿದ ಗಾಂಧಿ!

ಇತ್ತೀಚಿನ ದಶಕಗಳಲ್ಲಿ ಬೆಳೆದದ್ದು ಜಂಟಿ ಚೀಟಿಗಳ ಪದ್ಧತಿ. ಎರಡು ದೇಶ ಒಂದೇ ದಿನ, ಒಂದೇ ಚಿತ್ರಜೋಡಿಯನ್ನು ತಂತಮ್ಮ ಹೆಸರು, ಬೆಲೆ ಹಾಕಿ ಹೊರಡಿಸುವುದು. ಅದಕ್ಕೂ ಬಹಳ ಮೊದಲೇ, 1956ರಲ್ಲಿ, ಪಶ್ಚಿಮ ಯುರೋಪಿನ ಆರು ದೇಶಗಳು ‘ಯುರೋಪಾ’ ಎಂಬ ಅಕ್ಷರಗಳನ್ನು ಕಟ್ಟಡದಂತೆ ಪೇರಿಸಿ, ಸುತ್ತ ಸಾರುವೆ ಕಟ್ಟಿದ ಒಂದೇ ಚಿತ್ರವನ್ನು ಎಲ್ಲರೂ ಬಳಸಿದ್ದವು. ಹನ್ನೊಂದು ವರ್ಷ ಹಿಂದೆ ಒಬ್ಬರ ಊರನ್ನೊಬ್ಬರು ಸುಟ್ಟ ಫ್ರಾನ್ಸ್ ಮತ್ತು ಜರ್ಮನಿ ಅದರಲ್ಲಿದ್ದವು. ಭಾರತ ಇರಾನಿನ ಜೊತೆ 2004ರಲ್ಲಿ ಕಬೀರ ಮತ್ತು ಹಾಫೆಜ್‌ರನ್ನು ಜೋಡಿಸಿತು, ಚೀನಾದ ಜೊತೆ 2008ರಲ್ಲಿ ಬೋಧಗಯೆಯ ಮಹಾಬೋಧಿ ಮತ್ತು ಲುವೊಯಾಂಗಿನ ಶ್ವೇತಾಶ್ವ ದೇವಾಲಯವನ್ನು. ದಕ್ಷಿಣ ಕೊರಿಯಾದ ಜೊತೆಗೂ ಒಂದಿದೆ. 2003ರಲ್ಲಿ ಜೈಪುರದ ಜಂತರ್ ಮಂತರ್ ಮತ್ತು ಗ್ಯೊಂಗ್‌ಜುವಿನ ಚೊಮ್‌ಸೊಂಗ್‌ದೆ, ಎರಡೂ ಆಕಾಶ ನೋಡಲು ಕಟ್ಟಿದವು. ಸಿಂಗ್‌ಮನ್ ರೀ ನಮ್ಮವರಿಗೆ ನೆಲ ಮುಟ್ಟಬೇಡಿ ಎಂದ ಐವತ್ತು ವರ್ಷಕ್ಕೆ ಸರಿಯಾಗಿ ಇದು ಬಂದದ್ದು ಕಾಕತಾಳೀಯ. ಲೆಕ್ಕ ಹಾಕಿದ್ದು ರಾಜತಾಂತ್ರಿಕ ಸಂಬಂಧದ 30 ವರ್ಷಕ್ಕೆ. ಜಂಟಿ ಚೀಟಿಗಳಲ್ಲಿ ಒಳ್ಳೆಯ ಚಿತ್ರಗಳಿವೆ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಅಂಚೆ ಕಚೇರಿಯ ಕೌಂಟರಿನಲ್ಲಿ ಈಗ ಕಾಗದಕ್ಕೆ ಬೀಳುವುದು ಬಾರ್‌ಕೋಡಿನ ಪಟ್ಟಿ. ಸ್ನೇಹದ ಚೀಟಿಗಳು ಅಂಚೆಯಲ್ಲಿ ಪ್ರಯಾಣ ಮಾಡುವುದೇ ಕಡಿಮೆಯಾಗಿದೆ.

ಅಂಚೆಚೀಟಿಯ ನಿಜವಾದ ಬೆಲೆ ಗೊತ್ತಾಗುವುದು ಅದನ್ನು ಇನ್ನೊಂದು ದೇಶ ಒಪ್ಪದೆ ಹೋದಾಗ. ಸಹಕಾರ ವರ್ಷದ ನವೆಂಬರ್‌ನಲ್ಲಿಯೇ ರೊಡೇಷಿಯಾದ ಬಿಳಿಯರ ಸರಕಾರ ಬ್ರಿಟನ್ನಿನಿಂದ ಸ್ವತಂತ್ರವಾದೆವು ಎಂದು ತಾನೇ ಘೋಷಿಸಿಕೊಂಡು ಅದಕ್ಕೊಂದು ಚೀಟಿ ತಂದಿತು. ಬ್ರಿಟನ್ ಆ ಚೀಟಿಯನ್ನು ಚೀಟಿಯೇ ಅಲ್ಲವೆಂದು ಬಗೆದು, ಕಾಗದ ಪಡೆದವರಿಂದ ಅಂಚೆದರ ವಸೂಲು ಮಾಡಿತು. ನಮ್ಮ ಪಕ್ಕದ ಸಂಗತಿಯೇ ಇದೆ: 2019ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಭಾರತದ ಅಂಚೆ ನಿಲ್ಲಿಸಿತು, ನವೆಂಬರ್‌ನಲ್ಲಿ ಕಾಗದಗಳಿಗೆ ಮಾತ್ರ ಮತ್ತೆ ದಾರಿ ಬಿಟ್ಟಿತು. ಪಹಲ್ಗಾಮ್ ದಾಳಿಯ ನಂತರ 2025ರ ಮೇ 3ರಂದು ಭಾರತ ಪಾಕಿಸ್ತಾನದಿಂದ ಬರುವ ಅಂಚೆ ಮತ್ತು ಪಾರ್ಸೆಲ್ಲುಗಳನ್ನು ತಡೆಯಿತು. ಎರಡೂ ದೇಶಗಳು ವಿಶ್ವ ಅಂಚೆ ಒಕ್ಕೂಟದ ಸದಸ್ಯರೇ.

ಮತ್ತೆ ತಿಮ್ಮಯ್ಯನವರ ಕಡೆಗೆ ಬರುತ್ತೇನೆ, ಯಾಕೆಂದರೆ ಅವರ ಮುಖವೇ ಒಂದು ಅಂಚೆಚೀಟಿಯಲ್ಲಿದೆ. ಸೈಪ್ರಸ್ ದ್ವೀಪದಲ್ಲಿ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ಹೊಡೆದಾಟ ಹತ್ತಿಕೊಂಡಾಗ 1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿ ಅಲ್ಲಿಗೆ ಶಾಂತಿಪಾಲನಾ ಪಡೆ ಕಳಿಸಿತು. ಅದರ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ, ಆ ಜುಲೈನಲ್ಲಿ ಅವರ ಜಾಗಕ್ಕೆ ನಿವೃತ್ತ ಜನರಲ್ ತಿಮ್ಮಯ್ಯ ಬಂದರು. ಕೊರಿಯಾದಲ್ಲಿ ಮುಳ್ಳುತಂತಿಯ ಎರಡೂ ಕಡೆಯವರ ಬೈಗುಳ ತಿಂದು ಪಳಗಿದ ಮನುಷ್ಯ. ಅಲ್ಲಿನ ಅನುಭವ ಬರೆದಿಟ್ಟಿದ್ದ ಪುಸ್ತಕ ಅಚ್ಚಾದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ, 1981ರಲ್ಲಿ. ಸೈಪ್ರಸ್‌ನಲ್ಲಿ ಕೆಲಸದಲ್ಲಿರುವಾಗಲೇ 1965ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಮರುವರ್ಷ ಸೈಪ್ರಸ್ 50 ಮಿಲ್ ಬೆಲೆಯ ಚೀಟಿಯಲ್ಲಿ ವಿಶ್ವಸಂಸ್ಥೆಯ ಲಾಂಛನದ ಜೊತೆಗೆ ಅವರ ಭಾವಚಿತ್ರ ತಂದಿತು. ಪರದೇಶದ ಸೇನಾನಿಗೆ, ಅದರಲ್ಲೂ ಯುದ್ಧ ಗೆಲ್ಲದೆ ಯುದ್ಧ ತಡೆದ ಸೇನಾನಿಗೆ ಇನ್ನೊಂದು ದೇಶ ಚೀಟಿ ತರುವುದು ಅಪರೂಪ. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿಸೈಡ್’ ಈಗ ಸ್ಮಾರಕ ಭವನ, 2021ರಲ್ಲಿ ತೆರೆದದ್ದು. ಕೊಡಗಿಗೆ ಹೋದವರು ರಾಜಾಸೀಟಿಗೆ ಕೊಡುವ ಹೊತ್ತಿನಲ್ಲಿ ಅರ್ಧವನ್ನಾದರೂ ಅದಕ್ಕೆ ಕೊಡಬಹುದು.

ಸೈಪ್ರಸ್ 1974ರಲ್ಲಿ ಎರಡಾಯಿತು. ತುರ್ಕಿ ಸೇನೆ ಹಿಡಿದ ಉತ್ತರ ಭಾಗದ ಚೀಟಿಗಳನ್ನು ವಿಶ್ವ ಅಂಚೆ ಒಕ್ಕೂಟ ಒಪ್ಪುವುದಿಲ್ಲ. ಅಲ್ಲಿಗೆ ಹೋಗುವ ಕಾಗದದ ವಿಳಾಸದಲ್ಲಿ ‘ಮೆರ್ಸಿನ್ 10, ತುರ್ಕಿ’ ಎಂದು ಬರೆಯಬೇಕು; ಮೆರ್ಸಿನ್ ಎಂದರೆ ಸಮುದ್ರದ ಆಚೆ ದಡದಲ್ಲಿರುವ ತುರ್ಕಿಯ ಬಂದರು. ದಕ್ಷಿಣದ ಸೈಪ್ರಸ್ ಗಣರಾಜ್ಯ 1974ರ ಡಿಸೆಂಬರ್‌ನಲ್ಲಿ ನಿರಾಶ್ರಿತರ ನಿಧಿಗೆಂದು ಒಂದು ಸಣ್ಣ ಚೀಟಿ ತಂದು, ಮಾಮೂಲು ಅಂಚೆದರದ ಜೊತೆಗೆ ಇದನ್ನೂ ಅಂಟಿಸಬೇಕೆಂದು ಕಡ್ಡಾಯ ಮಾಡಿತು. 1977ರಿಂದ ಅದರಲ್ಲಿ ಮುಳ್ಳುತಂತಿಯ ಪಕ್ಕದಲ್ಲಿ ಕೂತ ಮಗುವಿನ ಚಿತ್ರ. ದೇಶದ ಹಣ ಮಿಲ್‌ನಿಂದ ಸೆಂಟಿಗೆ, ಸೆಂಟಿನಿಂದ ಯೂರೊಗೆ ಬದಲಾದರೂ ಆ ಚೀಟಿ ಮತ್ತೆ ಮತ್ತೆ ಅಚ್ಚಾಗಿದೆ. ತಿಮ್ಮಯ್ಯನವರು ನಡೆಸಿದ ಪಡೆಯೂ ಎರಡು ಭಾಗಗಳ ನಡುವಿನ ಪಟ್ಟಿಯಲ್ಲಿ ಇನ್ನೂ ನಿಂತಿದೆ. ಅದರ ಅವಧಿಯನ್ನು ಭದ್ರತಾ ಮಂಡಳಿ ಆಗಾಗ ಸೇರಿ ಮುಂದುವರಿಸುತ್ತಾ ಬಂದಿದೆ. 1964ರಲ್ಲಿ ಮೊದಲು ಗೊತ್ತುಮಾಡಿದ್ದ ಅವಧಿ ಮೂರು ತಿಂಗಳು.